ಗಂಟೆಗೆ ಮೂರು ರೂಪಾಯಿ

ನಾನು ಪುಸ್ತಕಗಳನ್ನು ಗಂಟೆಯ ಲೆಕ್ಕದಲ್ಲಿ ಕೊಳ್ಳುವವನು. ಹೀಗೆಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸಿ ‘ಗಂಟೆಗೆ ಎಷ್ಟು ಬಿತ್ತು?’ ಎನ್ನುತ್ತಾರೆ. ನಗುವುದಕ್ಕೇನಿದೆ? ಪುಣೆಯಲ್ಲಿ ಪುಸ್ತಕಗಳನ್ನು ಕಿಲೋ ಲೆಕ್ಕದಲ್ಲಿ ತೂಗಿ ಮಾರುವುದೂ ಉಂಟು. ಘನ ವಿದ್ವಾಂಸರು ಸಾಲಿನಲ್ಲಿ ನಿಂತು, ಕಿಲೋಕ್ಕೆ ಐವತ್ತು ಗ್ರಾಂ ಕಮ್ಮಿ ಬಿದ್ದರೆ ಮೇಲೊಂದು ತೆಳ್ಳನೆಯ ಕವನ ಸಂಕಲನ ಇಟ್ಟು ಸರಿದೂಗಿಸುತ್ತಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ.

ನನ್ನ ಕಿವಿಗೆ ಈ ಕೆಲಸ ಬಿದ್ದದ್ದು ಕಂಪನಿ ಬಸ್ಸಿನಿಂದ. ಕೋಥರೂಡದ ನಮ್ಮ ಮನೆಯಿಂದ ಹಿಂಜವಡಿಯ ಆಫೀಸಿಗೆ ಎಷ್ಟು ಕಿಲೋಮೀಟರು ಎಂದು ಹೇಳಿದರೆ ಯಾರಿಗೂ ಕರುಣೆ ಹುಟ್ಟುವುದಿಲ್ಲ. ಎಷ್ಟು ಹೊತ್ತು ಎಂದು ಹೇಳಿದರೆ ನೀರು ತಂದುಕೊಡುತ್ತಾರೆ. ಚಾಂದಣಿ ಚೌಕಕ್ಕೆ ಬಂದು ಹೆದ್ದಾರಿ ಹತ್ತಬೇಕು. ಬಲಕ್ಕೆ ತಿರುಗಿದರೆ ಹಿಂಜವಡಿ. ಎಡಕ್ಕೆ ತಿರುಗಿದರೆ ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ನಮ್ಮ ಧಾರವಾಡ. ಎರಡೂ ಅದೇ 48ನೇ ನಂಬರಿನ ಹೆದ್ದಾರಿ. ದಿನಾ ಬೆಳಿಗ್ಗೆ ಡ್ರೈವರು ಬಲಕ್ಕೇ ತಿರುಗಿಸುತ್ತಾನೆ. ಬಸ್ಸಿನಲ್ಲಿ ಓದಲು ಹೋದರೆ ಹೊಟ್ಟೆ ತೊಳಸುತ್ತದೆ, ಹಾಡು ಹಾಕಿದರೆ ನಿದ್ದೆ ಬರುತ್ತದೆ. ಪಕ್ಕದವನೊಂದಿಗೆ ಹರಟೋಣವೆಂದರೆ ಅವನು ಆಗಲೇ ಮೀಟಿಂಗಿನಲ್ಲಿ ಕೂತು ‘ಹೌದು ಸರ್, ಸ್ಕ್ರೀನ್ ಕಾಣಿಸ್ತಿದೆ’ ಅನ್ನುತ್ತಿರುತ್ತಾನೆ. ಉಳಿದದ್ದು ಆಡಿಯೋ ಪುಸ್ತಕ.

ಅದರಲ್ಲೂ ಕಥೆ ಕಾದಂಬರಿ ನನಗೆ ಒಗ್ಗಲಿಲ್ಲ. ಕಾದಂಬರಿ ಕೇಳುತ್ತ ಬಾವಧನದ ಹತ್ತಿರ ಸ್ವಲ್ಪ ಕಣ್ಣು ಮುಚ್ಚಿದರೆ ಎರಡು ಮದುವೆ, ಒಂದು ಸಾವು ತಪ್ಪಿಹೋಗಿರುತ್ತವೆ. ಚರಿತ್ರೆಯಲ್ಲಿ ಆ ಭಯವಿಲ್ಲ. ಔರಂಗಜೇಬ ದಖ್ಖನ್ನಿಗೆ ಬಂದಾಗ ಮಲಗಿ ಬಾಣೇರಿನಲ್ಲಿ ಎದ್ದರೂ ಅವನಿನ್ನೂ ದಖ್ಖನ್ನಿನಲ್ಲೇ ಇರುತ್ತಾನೆ. ಇಪ್ಪತ್ತೈದು ವರ್ಷ ಇಲ್ಲೇ ಅಲೆದು ಇಲ್ಲೇ ಸತ್ತವನು. ಹಾಗಾಗಿ ಚರಿತ್ರೆ, ಜೀವನಚರಿತ್ರೆ, ವಿಜ್ಞಾನ, ಅರ್ಥಶಾಸ್ತ್ರ: ನಿದ್ದೆಗೂ ಎಚ್ಚರಕ್ಕೂ ಸಮನಾಗಿ ಒದಗುವ ವಿಷಯಗಳು.

ಆದರೆ ಬೆಲೆ! ಕಾಗದದ ಪುಸ್ತಕವಾದರೆ ಅಪ್ಪಾ ಬಳವಂತ ಚೌಕದಲ್ಲಿ ಒಂದಿಷ್ಟು ಸೋಡಿ ಕೇಳಬಹುದು, ಹಳೆಯದಾದರೆ ಅರ್ಧಕ್ಕೆ ಇಳಿಸಬಹುದು, ಓದಿಯಾದ ಮೇಲೆ ಭಾವಮೈದುನನ ಹುಟ್ಟುಹಬ್ಬಕ್ಕೆ ಕೊಟ್ಟು ಮರ್ಯಾದೆ ಗಳಿಸಬಹುದು. ದನಿಗೆ ಹಳೆಯದು ಎಂಬುದೇ ಇಲ್ಲ. ಕೇಳಿ ಮುಗಿಸಿದ ಪುಸ್ತಕವನ್ನು ಯಾರಿಗೂ ಮಾರಲಿಕ್ಕಾಗುವುದಿಲ್ಲ.

2018ರ ನವೆಂಬರಿನಲ್ಲಿ ಆಡಿಬಲ್ ಭಾರತಕ್ಕೆ ಬಂದು ತಿಂಗಳಿಗೆ 199 ರೂಪಾಯಿಗೆ ಒಂದು ಕ್ರೆಡಿಟ್ ಎಂದಿತು. ಒಂದು ಕ್ರೆಡಿಟ್ಟಿಗೆ ಒಂದು ಪುಸ್ತಕ. ಪುಸ್ತಕ ಮೂರು ಗಂಟೆಯದಿರಲಿ, ಅರವತ್ತು ಗಂಟೆಯದಿರಲಿ, ಕ್ರೆಡಿಟ್ ಒಂದೇ. ಈ ನಿಯಮ ಕಂಡಕೂಡಲೇ ನನ್ನೊಳಗೆ ಧಾರವಾಡದ ಕಿರಾಣಿ ಅಂಗಡಿಯೊಂದು ಬಾಗಿಲು ತೆಗೆಯಿತು. ಎಕ್ಸೆಲ್ ಹಾಳೆ ಬಿಚ್ಚಿದೆ. ಹರಾರಿಯವರ ‘ಸೇಪಿಯನ್ಸ್’ ಹದಿನೈದು ಗಂಟೆ ಚಿಲ್ಲರೆ: ಗಂಟೆಗೆ 13 ರೂಪಾಯಿ. ಇಡೀ ಮನುಕುಲದ ಕಥೆ ಆ ದರಕ್ಕೆ ಅಗ್ಗವೆನ್ನಿ. ಯಶಸ್ಸಿನ ಗುಟ್ಟು ಹೇಳುವ ಪುಸ್ತಕಗಳು ಸಾಮಾನ್ಯವಾಗಿ ಮೂರು ಗಂಟೆಗೆ ಮುಗಿಯುತ್ತವೆ: ಗಂಟೆಗೆ 66. ಅವರ ಯಶಸ್ಸಿನ ಗುಟ್ಟು ಅಲ್ಲೇ ಗೊತ್ತಾಯಿತು, ಕೇಳುವ ಅಗತ್ಯ ಬೀಳಲಿಲ್ಲ. ಹಾಳೆಯನ್ನು ಉದ್ದದ ಪ್ರಕಾರ ಜೋಡಿಸಿದಾಗ ಮೇಲೆ ಬಂದು ನಿಂತದ್ದು ರಾಬರ್ಟ್ ಕ್ಯಾರೋ ಬರೆದ ‘ದಿ ಪವರ್ ಬ್ರೋಕರ್’. ಅರವತ್ತಾರು ಗಂಟೆ. ಗಂಟೆಗೆ ಮೂರು ರೂಪಾಯಿ ಒಂದು ಪೈಸೆ. ವಿಷಯ ಏನೆಂದು ನೋಡಿದ್ದು ಕೊಂಡಾದ ಮೇಲೆ.

ವಿಷಯ: ನ್ಯೂಯಾರ್ಕಿನ ರಸ್ತೆಗಳು. ರಾಬರ್ಟ್ ಮೋಸಸ್ ಎಂಬ ಅಧಿಕಾರಿ ಒಂದು ಚುನಾವಣೆಯನ್ನೂ ಗೆಲ್ಲದೆ ನಲವತ್ತಕ್ಕೂ ಹೆಚ್ಚು ವರ್ಷ ಆ ಊರಿನ ಸೇತುವೆ, ಹೆದ್ದಾರಿ, ಪಾರ್ಕುಗಳನ್ನೆಲ್ಲ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ. ಒಂದು ಕಾಲಕ್ಕೆ ಹನ್ನೆರಡು ಹುದ್ದೆಗಳು ಅವನೊಬ್ಬನ ಕೈಯಲ್ಲಿ. ಬಡವರ ಬಸ್ಸುಗಳು ಬೀಚಿನ ಕಡೆ ಬರಬಾರದೆಂದು ದಾರಿಯ ಸೇತುವೆಗಳನ್ನು ಬೇಕೆಂದೇ ತಗ್ಗಾಗಿ ಕಟ್ಟಿಸಿದ ಎಂದು ಕ್ಯಾರೋ ಬರೆಯುತ್ತಾರೆ. ಆ ಮಾತಿನ ಮೇಲೆ ವಿದ್ವಾಂಸರ ತಕರಾರು ಇನ್ನೂ ನಡೆದಿದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಒಂದು ಸಂಗತಿ. ಊರಿಗೆಲ್ಲ ಕಾರಿನ ರಸ್ತೆ ಮಾಡಿಸಿದ ಆ ಮನುಷ್ಯನಿಗೆ ಕಾರು ನಡೆಸಲು ಬರುತ್ತಿರಲಿಲ್ಲ. ನನಗೂ ಬರುವುದಿಲ್ಲ.

ಈ ಪುಸ್ತಕವನ್ನು ಚಾಂದಣಿ ಚೌಕದಲ್ಲಿ ನಿಂತ ಬಸ್ಸಿನೊಳಗೆ ಕೇಳುವ ಸುಖವೇ ಬೇರೆ. ಅಲ್ಲಿನ ಹಳೆಯ ಸೇತುವೆಯನ್ನು 2022ರ ಅಕ್ಟೋಬರ್ 2ರ ನಡುರಾತ್ರಿ ಮದ್ದಿಟ್ಟು ಉಡಾಯಿಸಿದಾಗ ಇಡೀ ಪುಣೆ ಟೀವಿ ಮುಂದೆ ಕೂತಿತ್ತು. ಢಮ್ ಎಂದಿತು, ಧೂಳು ಎದ್ದಿತು, ಧೂಳು ಇಳಿಯಿತು. ಸೇತುವೆಯ ಹಂದರ ಇನ್ನೂ ನಿಂತಿತ್ತು! ಆಮೇಲೆ ಯಂತ್ರ ತಂದು ಕೆಡವಿದರು. ಹೊಸ ಮೇಲ್ಸೇತುವೆ ಮರುವರ್ಷ ಆಗಸ್ಟಿನಲ್ಲಿ ತೆರೆಯಿತು. ಅದಕ್ಕೂ ಮುಂಚೆ 2020ರಲ್ಲಿ, ಮೆಟ್ರೋಗೆ ಅಡ್ಡವೆಂದು, ವಿದ್ಯಾಪೀಠ ಚೌಕದ ಮೇಲ್ಸೇತುವೆಯನ್ನೇ ಒಡೆದಿದ್ದರು. ಕಟ್ಟುವುದರಲ್ಲಿ ಮೋಸಸ್ ದೊಡ್ಡವನಿರಬಹುದು, ಕೆಡವಿ ಕಟ್ಟುವುದರಲ್ಲಿ ನಮ್ಮ ಊರೇನೂ ಕಮ್ಮಿಯಿಲ್ಲ.

ಮೊದಲ ವಾರದಲ್ಲೇ ಒಂದು ತೊಡಕು ಎದುರಾಯಿತು. ಆಫೀಸಿನ ಹುಡುಗರು ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರೆ. ನಾನೂ ಹಾಕಿ ನೋಡಿದೆ. ಅರವತ್ತಾರು ಗಂಟೆ ನಲವತ್ತನಾಲ್ಕಕ್ಕೆ ಇಳಿಯಿತು, ಗಂಟೆಯ ದರ ಮೂರರಿಂದ ನಾಲ್ಕೂವರೆಗೆ ಏರಿತು! ಎದೆ ಧಸಕ್ಕೆಂದಿತು. ಕೂಡಲೇ ವೇಗವನ್ನು ಮುಕ್ಕಾಲಿಗೆ ಇಳಿಸಿದೆ. ಈಗ ಎಂಬತ್ತೆಂಟು ಗಂಟೆ, ದರ ಎರಡೂಕಾಲು ರೂಪಾಯಿ. ಬಾವಧನದಲ್ಲಿ ಶುರುವಾದ ವಾಕ್ಯಕ್ಕೆ ಬಾಣೇರಿನಲ್ಲಿ ಪೂರ್ಣವಿರಾಮ ಬೀಳುತ್ತಿತ್ತು. ಈ ಉಳಿತಾಯವನ್ನು ರಾತ್ರಿ ಊಟದ ಹೊತ್ತಿಗೆ ಮನೆಯವಳಿಗೆ ವಿವರಿಸಿದೆ. ಅಕ್ಕಲಕೋಟದ ಹೆಣ್ಣುಮಗಳು, ಶಾಲೆಯಲ್ಲಿ ಗಣಿತ ಕಲಿಸುವವಳು.

“ರೀ, ಅದನ್ನ ಪೂರಾ ನಿಲ್ಲಿಸಿಬಿಡ್ರಿ,” ಎಂದಳು. “ತಾಸಿಗೆ ಸೊನ್ನಿ ರೂಪಾಯಿ ಆಗ್ತದ.”

ಕ್ಯಾರೋ ಈ ಪುಸ್ತಕಕ್ಕೆ ಏಳು ವರ್ಷ ಕೂತಿದ್ದು, ನಡುವೆ ದುಡ್ಡು ಮುಗಿದು ಅವರ ಹೆಂಡತಿ ಇನಾ ಲಾಂಗ್ ಐಲೆಂಡಿನ ಮನೆ ಮಾರಿದ್ದು, ಇದನ್ನೆಲ್ಲ ಒಂದು ಆಸೆಯಿಂದ ಹೇಳಿದೆ. ಅವಳು ರೊಟ್ಟಿ ಮುರಿಯುತ್ತ ಪೂರ್ತಿ ಕೇಳಿದಳು. “ಆಕಿ ಮನಿ ಮಾರಿದ್ದು ಬರಿಯೋ ಗಂಡಗ. ಕೇಳೋ ಗಂಡಗ ಯಾರರ ಮನಿ ಮಾರ್ತಾರೇನ್ರಿ?”

ಚಂದಾ ಮುಂದುವರಿಸುವುದೋ ಬಿಡುವುದೋ ಎಂಬುದು ಪ್ರತಿ ತಿಂಗಳ ಜಿಜ್ಞಾಸೆ. ಇಂಥ ಆ್ಯಪುಗಳಲ್ಲಿ ‘ರದ್ದು ಮಾಡಿ’ ಎಂಬ ಗುಂಡಿ ಒತ್ತಿದರೆ ಯಾಕೆ ಹೋಗುತ್ತೀರಿ ಎಂದು ಕೇಳುತ್ತಾರೆ. ‘ದುಬಾರಿ’ ಎಂದು ಒತ್ತಬೇಕು. ಆಗ ಕೆಲವರು ಅರ್ಧ ಬೆಲೆಗೆ ಇಳಿಯುತ್ತಾರೆ. ಇದು ತುಳಶೀಬಾಗಿನ ಹೆಂಗಸರ ವಿದ್ಯೆಯ ಹಾಗೆ: ಬೆಲೆ ಕೇಳಿ, ಮುಖ ಸಿಂಡರಿಸಿ, ನಾಲ್ಕು ಹೆಜ್ಜೆ ಹೋಗಬೇಕು, ಅಂಗಡಿಯವನೇ ಕರೆಯುತ್ತಾನೆ. ಕರೆಯದಿದ್ದರೆ ಎಂಬ ಭಯವೂ ಅಲ್ಲಿಯ ಹಾಗೇ ಇರುತ್ತದೆ.

ಅಗ್ಗದ ರುಚಿ ಹತ್ತಿದವನು ಪುಕ್ಕಟೆಯ ಕಡೆ ಹೊರಳುವುದು ಸಹಜ. ಮಾಂಟ್ರಿಯಲ್‌ನ ಹ್ಯೂ ಮೆಗ್ವಾಯರ್ ಎಂಬವರು 2005ರಲ್ಲಿ ಲಿಬ್ರಿವಾಕ್ಸ್ ಶುರುಮಾಡಿದರು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಯಾರು ಬೇಕಾದರೂ ಓದಿ ಕೊಡಬಹುದು, ಯಾರು ಬೇಕಾದರೂ ಪುಕ್ಕಟೆ ಕೇಳಬಹುದು. ಡಾರ್ವಿನ್ ಇದ್ದಾನೆ, ಆಡಮ್ ಸ್ಮಿತ್ ಇದ್ದಾನೆ, ರೋಮ್ ಬಿದ್ದ ಕಥೆ ಹೇಳುವ ಗಿಬ್ಬನ್ ಇದ್ದಾನೆ. ಹಲವರು ಸೇರಿ ಓದಿದ ಪುಸ್ತಕವಾದರೆ ಮೊದಲ ಅಧ್ಯಾಯ ಅಮೆರಿಕದ ಅಜ್ಜ, ಎರಡನೆಯದು ಇಂಗ್ಲೆಂಡಿನ ಅತ್ತೆ, ಮೂರನೆಯದು ಯಾವ ದೇಶದವರೆಂದು ಊಹಿಸುವುದರಲ್ಲಿ ಅಧ್ಯಾಯವೇ ಮುಗಿದಿರುತ್ತದೆ. ಅಮೆರಿಕದ ಕಾಯಿದೆ ಪ್ರಕಾರ ಪ್ರಕಟವಾಗಿ 95 ವರ್ಷ ದಾಟಿದ ಪುಸ್ತಕಗಳಿಗೆ ಹಂಗಿಲ್ಲ. ಹಾಗಾಗಿ ಅಲ್ಲಿನ ವಿಜ್ಞಾನ ಹೆಚ್ಚುಕಡಿಮೆ ನಮ್ಮ ಮುತ್ತಜ್ಜನ ವಿಜ್ಞಾನ. ಖಗೋಳದ ಹಳೆಯ ಪುಸ್ತಕಗಳಲ್ಲಿ ಗ್ರಹಗಳು ಎಂಟೇ, ಏಕೆಂದರೆ ಪ್ಲೂಟೋ ಸಿಕ್ಕಿದ್ದು 1930ರಲ್ಲಿ. ಆದರೆ 2006ರಲ್ಲಿ ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ಕೈಬಿಟ್ಟರಲ್ಲ! ಎಪ್ಪತ್ತಾರು ವರ್ಷ ತಪ್ಪಾಗಿದ್ದ ಪುಸ್ತಕಗಳು ಕೂತಲ್ಲೇ ಸರಿಯಾದವು. ಪುಕ್ಕಟೆಯ ಪುಸ್ತಕ ತಾಳಿದರೆ ಬಾಳುತ್ತದೆ.

ನ್ಯೂಜರ್ಸಿಯಲ್ಲಿರುವ ಚಿಕ್ಕಪ್ಪನ ಮಗಳು ಬೇರೆ ದಾರಿ ಹೇಳಿದಳು. ಅಲ್ಲಿ ಸಾರ್ವಜನಿಕ ಗ್ರಂಥಾಲಯದ ಕಾರ್ಡು ಇದ್ದರೆ ಲಿಬ್ಬಿ ಎಂಬ ಆ್ಯಪಿನಲ್ಲಿ ಆಡಿಯೋ ಪುಸ್ತಕ ಎರವಲು ಸಿಗುತ್ತದೆ, ಒಂದು ಪೈಸೆ ಖರ್ಚಿಲ್ಲ. ಜನಪ್ರಿಯ ಪುಸ್ತಕವಾದರೆ ಪಾಳಿ ಹಚ್ಚಬೇಕು. ಅವಧಿ ಮುಗಿದ ಕೂಡಲೇ ಪುಸ್ತಕ ತಾನಾಗಿಯೇ ಗ್ರಂಥಾಲಯಕ್ಕೆ ಹೊರಟುಹೋಗುತ್ತದೆ. ‘ಮರೆತಿದ್ದೆ ಮೇಡಂ’ ಎಂದು ಹಲ್ಲು ಗಿಂಜುವ ನಮ್ಮ ಹಳೆಯ ಕಲೆಗೆ ಅಲ್ಲಿ ಬೆಲೆಯೇ ಇಲ್ಲ. “ಅಣ್ಣಾ, ನನ್ನ ಕಾರ್ಡ್ ನಂಬರ್ ಕೊಡ್ಲೇನು?” ಎಂದಳು. ನ್ಯೂಜರ್ಸಿಯವರು ತೆರಿಗೆ ಕಟ್ಟಿ ನಡೆಸುವ ಗ್ರಂಥಾಲಯದಲ್ಲಿ ಕೋಥರೂಡದವನು ಕೂತು ಕೇಳುವುದು ಮನಸ್ಸಿಗೆ ಬರಲಿಲ್ಲ. ಹಾಗಾದರೆ ನಾನು ಕೇಳುವಾಗ ನೀನೂ ಕೇಳು ಎಂದು ಭಾನುವಾರ ವಾಟ್ಸಾಪ್ ಕರೆ ಮಾಡಿ, ಫೋನನ್ನು ಅಡುಗೆಕಟ್ಟೆಯ ಮೇಲೆ ಸ್ಪೀಕರಿನ ಪಕ್ಕ ಇಟ್ಟಳು. ಅನಾಗರಿಕರ ಪಡೆ ರೋಮಿನ ಬಾಗಿಲಿಗೆ ಬಂದು ನಿಂತ ಹೊತ್ತಿಗೆ ಸರಿಯಾಗಿ ಅವಳ ಸಾಸಿವೆ ಸಿಡಿಯಿತು. ಮುಂದೆ ಮಿಕ್ಸರು ತಿರುಗಿತು. ಮಿಕ್ಸರು ನಿಂತಾಗ ಬೇರೆ ಸಾಮ್ರಾಟ ಬಂದಿದ್ದ.

ಕನ್ನಡದ್ದು ಯಾಕೆ ಕೇಳುವುದಿಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮೈಲ್ಯಾಂಗ್ ಇದೆ, ಆಲಿಸಿರಿ ಇದೆ, ಸ್ವೀಡನ್ನಿನ ಸ್ಟೋರಿಟೆಲ್ 2017ರಲ್ಲೇ ಭಾರತಕ್ಕೆ ಬಂದಿದೆ. ಕೇಳುತ್ತೇನೆ. ಕನ್ನಡದ ಪುಸ್ತಕಗಳಿಗೆ ಗಂಟೆಯ ದರ ಹಚ್ಚಬಾರದೆಂದು ಎಕ್ಸೆಲ್ ಹಾಳೆಯಲ್ಲಿ ಬೇರೆಯೇ ಕಾಲಮ್ಮು ಮಾಡಿ ಅದನ್ನು ಮುಚ್ಚಿಟ್ಟಿದ್ದೇನೆ. ಆದರೆ ಕಥೆ ಕಾದಂಬರಿ ಸಿಕ್ಕಷ್ಟು ಸಲೀಸಾಗಿ ನನಗೆ ಬೇಕಾದ ಚರಿತ್ರೆ ಸಿಗುವುದಿಲ್ಲ. ನನಗೆ ಆಗ ಬೇಕೆನಿಸಿದ್ದು ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’. 1917ರ ಪುಸ್ತಕ. ರಾಯರು ಓದಿದ್ದು ನಮ್ಮ ಈ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ತೀರಿಕೊಂಡದ್ದು 1964ರಲ್ಲಿ. ನಮ್ಮ ಕಾಯಿದೆಯಲ್ಲಿ ಲೇಖಕ ತೀರಿಕೊಂಡು ಅರವತ್ತು ವರ್ಷಕ್ಕೆ ಹಕ್ಕು ಮುಗಿಯುವುದರಿಂದ 2025ರ ಜನವರಿ 1ಕ್ಕೆ ಅವರ ಬರಹ ಎಲ್ಲರದೂ ಆಯಿತು. ಹಳೆಯ ಪ್ರತಿಯ ಸ್ಕ್ಯಾನು ಹಿಡಿದು, ಒಂದು ಪುಕ್ಕಟೆ ತಂತ್ರಾಂಶದಿಂದ ಚಿತ್ರವನ್ನು ಅಕ್ಷರ ಮಾಡಿಸಿ, ಆ ಅಕ್ಷರವನ್ನು ಓದಿಹೇಳುವ ಇನ್ನೊಂದು ಯಂತ್ರಕ್ಕೆ ಕೊಟ್ಟೆ. ಕಾಯಿದೆಗೂ ಭಂಗವಿಲ್ಲ, ಜೇಬಿಗೂ ಭಂಗವಿಲ್ಲ.

ಭಂಗ ಬಂದದ್ದು ಅರ್ಕಾವತ್ತಿನಿಂದ. ಅರ್ಕಾವತ್ತು ನೋಡಲು ಕನ್ನಡದ ಒಂಬತ್ತರ ಅಂಕಿಯ ಹಾಗೇ ಇರುತ್ತದಲ್ಲ, ಯಂತ್ರ ಅದನ್ನು ಒಂಬತ್ತೆಂದೇ ಹಿಡಿದಿತ್ತು. ಹೆಣ್ಣು ದನಿಯೊಂದು ಬಹಳ ಗಂಭೀರವಾಗಿ ಶುರುಮಾಡಿತು: “ಕನಾ ಒಂಬತ್ತು ಟಕ ಗತವೈಭವ.” ನಾನು ನಿಲ್ಲಿಸಲಿಲ್ಲ. ಧಮ ಒಂಬತ್ತು, ಕೀತಿ ಒಂಬತ್ತು, ಪೂವ ಒಂಬತ್ತು ಕಾಲ ಎಲ್ಲ ಬಂದವು. ‘ಕ್ರಿ.ಶ.’ ಬಂದಲ್ಲೆಲ್ಲ ದನಿ “ಕ್ರಿ” ಎಂದು ತಡೆದು “ಶ” ಎನ್ನುತ್ತಿತ್ತು. ಊರಿಂದ ಬಂದಿದ್ದ ನಮ್ಮತ್ತೆ ಒಳಗಿನ ಕೋಣೆಯಿಂದ ಕೂಗಿದರು: “ಯಾರದು, ಬಾಲ್ಕನ್ಯಾಗ ಪಾರಿವಾಳ ಬಂದಾವೇನು?”

ಹೆಂಡತಿ ತಲೆ ಹೊರಗೆ ಹಾಕಿ, “ಆ ಒಂಬತ್ತು ಕನಾಟಕದಾಗ ನಮ್ಮ ಅಕ್ಕಲಕೋಟ ಎಷ್ಟನೇದ್ರಿ?” ಎಂದು ಕೇಳಿದಳು. 1956ರ ರಾಜ್ಯ ವಿಂಗಡಣೆಯ ಲೆಕ್ಕವನ್ನು ಅಕ್ಕಲಕೋಟದವರು ಇನ್ನೂ ಚುಕ್ತಾ ಮಾಡಿಲ್ಲ.

ನನ್ನ ಈ ಪಾಡನ್ನೆಲ್ಲ ನೋಡುತ್ತಿದ್ದವರು ಎದುರು ಮನೆಯ ಕಾಕಾ. ಬ್ಯಾಂಕಿನಿಂದ ನಿವೃತ್ತರು, ಸದಾಶಿವ ಪೇಟೆಯಿಂದ ಕೋಥರೂಡಕ್ಕೆ ಬಂದವರು. ಪೇಟೆಯನ್ನು ಮಾತ್ರ ಅಲ್ಲಿ ಬಿಟ್ಟುಬರಲಿಲ್ಲ. ಪು.ಲ. ದೇಶಪಾಂಡೆ ತಮ್ಮ ಬರಹವನ್ನು ತಮ್ಮ ದನಿಯಲ್ಲೇ ಓದಿದ ಕ್ಯಾಸೆಟ್ಟುಗಳು ಅವರಲ್ಲಿ ಇವೆ, ಅವನ್ನು ಯಾರಿಗೂ ಎರವಲು ಕೊಡುವುದಿಲ್ಲವೆಂದು ಕಪಾಟಿನ ಮೇಲೆ ಚೀಟಿ ಇದೆ. “ಐಕಾಯಲಾ ಪೈಸೆ?” ಎಂದು ಹುಬ್ಬೇರಿಸಿದರು. ಕೇಳಲಿಕ್ಕೂ ದುಡ್ಡೇ? ವಸಂತ ವ್ಯಾಖ್ಯಾನಮಾಲೆಗೆ ಬಾ ಎಂದರು. ನ್ಯಾಯಮೂರ್ತಿ ರಾನಡೆ 1875ರಲ್ಲಿ ಶುರುಮಾಡಿದ ಉಪನ್ಯಾಸಗಳು. ಈಗಲೂ ಬೇಸಗೆಯಲ್ಲಿ ಟಿಳಕ ಸ್ಮಾರಕ ಮಂದಿರದಲ್ಲಿ ನಡೆಯುತ್ತವೆ. ಚರಿತ್ರೆ, ಹಣಕಾಸು, ನೀರಾವರಿ, ಆರೋಗ್ಯ, ಏನು ಬೇಕಾದರೂ.

ಹೋದೆ. ಕಾಕಾ ಮುಂದಿನ ಸಾಲಿನಲ್ಲಿ ಕೂತು ಹತ್ತು ನಿಮಿಷದಲ್ಲಿ ನಿದ್ದೆಹೋದರು, ಕೊನೆಗೆ ಎದ್ದು ಮೊದಲ ಪ್ರಶ್ನೆ ಕೇಳಿದರು, ಭಾಷಣಕಾರರು ‘ಬಹಳ ಮಾರ್ಮಿಕ ಪ್ರಶ್ನೆ’ ಎಂದರು. ಗಂಟೆಗೆ ಸೊನ್ನೆ ರೂಪಾಯಿ ಎಂಬುದು ನಿಜ. ಆದರೆ ಹೋಗಿಬರುವ ರಿಕ್ಷಾ, ಬಿಸಿಲಿಗೆ ಇಬ್ಬರಿಗೂ ಕಬ್ಬಿನ ಹಾಲು, ಕಾಕಾ ನೆನಪಿಸಿದ ಬಾಕರವಡಿ ಎಲ್ಲ ಕೂಡಿಸಿದಾಗ ಆ ಸಂಜೆಯ ಜ್ಞಾನ ಯಶಸ್ಸಿನ ಗುಟ್ಟಿಗಿಂತ ತುಟ್ಟಿಯಾಯಿತು.

ಅತ್ತೆ ಬಂದದ್ದು ಕಣ್ಣಿನ ಪೊರೆ ತೆಗೆಸಲು. ಆಪರೇಷನ್ ಆಗಿ, ಕಾರಹುಣ್ಣಿಮೆಗೆ ಊರು ಸೇರುವುದೆಂದು ಮಾತಾಗಿತ್ತು. ದಿನಾ ಪೇಪರನ್ನು ತಾರೀಖಿನಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಓದುವ ಜೀವ, ಕೈ ಕಟ್ಟಿಹಾಕಿದಂತೆ ಕೂತಿದ್ದರು. ನನ್ನ ಬುದ್ಧಿ ಓಡಬೇಕಾದ ಕಡೆಗೇ ಓಡಿತು. ಅಚ್ಚಿನ ಪುಸ್ತಕ ಓದಲಾಗದವರಿಗೆ ಎಂದೇ ಸರ್ಕಾರ 2016ರಲ್ಲಿ ಶುರುಮಾಡಿದ ಸುಗಮ್ಯ ಪುಸ್ತಕಾಲಯ ಇದೆ. ಅಂಥವರಿಗಾಗಿ ಪುಸ್ತಕವನ್ನು ದನಿಗೆ ಇಳಿಸಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿದೆ. ಹಾಗೆ ನೋಡಿದರೆ ಈ ಆಡಿಯೋ ಪುಸ್ತಕದ ಹುಟ್ಟೇ ಅಲ್ಲಿಯದು. 1930ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಕುರುಡರಿಗಾಗಿ ತಟ್ಟೆಗಳಲ್ಲಿ ಮುದ್ರಿಸಿದ ಮಾತಾಡುವ ಪುಸ್ತಕಗಳು. ನಮ್ಮಂಥ ಬಸ್ಸಿನವರು ಆಮೇಲೆ ಬಂದು ಸೀಟು ಹಿಡಿದೆವು.

ಅತ್ತೆ ಒಪ್ಪಲಿಲ್ಲ. “ಅದು ಖರೇನ ಕಣ್ಣಿಲ್ಲದವ್ರ ಪಾಲಿಂದು, ಅಳಿಯಾರ. ನನ್ನ ಕಣ್ಣು ಮುಂದಿನ ವಾರ ಬರ್ತಾವ.” ಹಾಗಾದರೆ ಯಾವುದಾದರೂ ಕಾದಂಬರಿ ಹಾಕಿಕೊಡಲೇ ಎಂದೆ. “ಕಥಿ ಬ್ಯಾಡ. ಕಥಿ ಅಂದ್ರ ಸುಳ್ಳು. ಖರೇದ್ದು ಏನರ ಇದ್ರ ಹೇಳ್ರಿ.”

ಖರೇದ್ದೆಂದರೆ ನನ್ನಲ್ಲಿ ಇದ್ದದ್ದು ಒಂದೇ. ಆ ರಾತ್ರಿಯಿಂದ, ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕಣ್ಣಿಗೆ ಹನಿ ಹಾಕುವ ಹೊತ್ತಿನಲ್ಲಿ ಕನ್ನಡದಲ್ಲಿ ಹೇಳತೊಡಗಿದೆ. ಮೋಸಸ್ ಎರಡನೆಯ ದಿನಕ್ಕೇ ಮೋಸಪ್ಪ ಆದ. ಗವರ್ನರುಗಳು ದೇಸಾಯರಾದರು. ರಸ್ತೆಗೆಂದು ಬ್ರಾಂಕ್ಸಿನಲ್ಲಿ ಸಾವಿರಾರು ಜನರ ಮನೆ ಕೆಡವಿಸಿದ ಅಧ್ಯಾಯ ಬಂದಾಗ ಅತ್ತೆ, “ಪರಿಹಾರ ಎಷ್ಟ ಕೊಟ್ಟಾನಂತ?” ಎಂದು ಕೇಳಿ, ಉತ್ತರ ಕೇಳಿ, ಬಹಳ ಹೊತ್ತು ಅವನ ತಾಯಿಯ ಬಗ್ಗೆ ಮಾತಾಡಿದರು. ಹೆಂಡತಿ ಪರೀಕ್ಷೆಯ ಪೇಪರು ತಿದ್ದುವ ನೆಪದಲ್ಲಿ ಅಲ್ಲೇ ಬಂದು ಕೂರುತ್ತಿದ್ದಳು. ಒಂದು ಕ್ರೆಡಿಟ್ಟಿಗೆ ಮೂವರು ಕೇಳುಗರಾದರೆ ತಲೆಗೆ ಗಂಟೆಗೆ ಒಂದೇ ರೂಪಾಯಿ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಕಣ್ಣು ತಿಳಿಯಾದ ಮೇಲೆ ಒಂದು ಭಾನುವಾರ ಮುಳಶಿ ಕಡೆ ಹೊರಟೆವು. ಕಾರು ನಡೆಸುವವಳು ಹೆಂಡತಿ. ಚಾಂದಣಿ ಚೌಕದಲ್ಲಿ ಎತ್ತ ನೋಡಿದರತ್ತ ಏರುದಾರಿ, ಇಳಿದಾರಿ. ನಾನು ಪಕ್ಕದಲ್ಲಿ ಕೂತು “ಇಲ್ಲೆ ಅಲ್ಲ, ಮುಂದಿಂದು. ಮುಂದಿಂದಲ್ಲ, ಅದರ ಮುಂದಿಂದು” ಎಂದು ಸಹಾಯ ಮಾಡುತ್ತಿದ್ದೆ. ಅತ್ತೆ ಹಿಂದಿನ ಸೀಟಿನಿಂದ ಹೊಸ ಕಣ್ಣಿನಲ್ಲಿ ಸೇತುವೆಗಳನ್ನೆಲ್ಲ ಎಣಿಸಿದರು.

“ಅಳಿಯಾರ, ಮೋಸಪ್ಪಗೂ ಗಾಡಿ ಹೊಡಿಯಾಕ ಬರ್ತಿದ್ದಿಲ್ಲ ಅಂದ್ರಿ, ಹೌದಿಲ್ಲೋ?”

“ಹೌದ್ರಿ ಅತ್ತಿ.”

“ಮತ್ತ ಅಂವ ಹಿಂದ ಸುಮ್ಮ ಕೂಡ್ತಿದ್ನೋ, ಇಲ್ಲಾ ಹಿಂಗ ದಾರಿ ಹೇಳ್ತಿದ್ನೋ?”

ಹೆಂಡತಿ ಕನ್ನಡಿಯಲ್ಲಿ ಅವ್ವನನ್ನು ನೋಡಿ ನಕ್ಕಳು. ನಾನು ಮಾತು ಬದಲಿಸಲು, ಮೋಸಪ್ಪನನ್ನು ಅಧಿಕಾರದಿಂದ ಇಳಿಸುವ ಭಾಗ ಇನ್ನೂ ಬರಬೇಕು, ಅದೇ ಬಹಳ ಸ್ವಾರಸ್ಯದ್ದು ಎಂದೆ.

“ಅದಕ್ಕ ಇನ್ನ ಎಷ್ಟ ತಾಸ ಅದ?”

“ನಾ ಹೇಳೂ ರೀತಿ ನೋಡಿದ್ರ ಇನ್ನೊಂದ ನಲವತ್ತ ತಾಸರ ಬೇಕ್ರಿ.”

ಅತ್ತೆ ಸೀಟಿಗೆ ಒರಗಿ, ಸೆರಗು ಸರಿಮಾಡಿಕೊಂಡು, ಮಗಳಿಗೆ ಹೇಳಿದರು: “ಹಂಗಾರ ಕಾರಹುಣ್ಣಿವಿಗೆ ಊರಿಗೆ ಹೋಗೂದು ಬ್ಯಾಡ ತಗೋ. ದೀವಳಿಗಿ ಮುಗಿಸೇ ಹೋಗ್ತೀನಿ.”